ಹಲ್ಲಿನಿಂದ ಕೇಳುವ ಮಾವ

ನನ್ನ ಸೋದರಮಾವನಿಗೆ ಕಿವಿಗಳಿರುವುದು ಪೆನ್ಸಿಲ್ ಸಿಕ್ಕಿಸಿಕೊಳ್ಳಲು ಮಾತ್ರ, ಕೇಳುವುದೆಲ್ಲ ಹಲ್ಲಿನಿಂದ. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳಿಂದ ಪುರಾವೆ ಕೇಳಿ ಕೇಳಿಯೇ ಬೆಳೆದವಳು, ಹಲ್ಲಿನ ಮಾತಿಗೆ ಸುಲಭಕ್ಕೆ ಒಪ್ಪಿಬಿಡುತ್ತೇನೆಯೇ?

ಚಿಕ್ಕಂದಿನಲ್ಲಿ ಸೋರಿ ಸೋರಿ ಮಾವನ ಎರಡೂ ಕಿವಿ ಮಂದವಾಗಿವೆ. ಬೈಲಹೊಂಗಲದಲ್ಲಿ ಅವನದು ಪಂಪಿನ ಮೋಟಾರು ರಿಪೇರಿ ಅಂಗಡಿ. ಓಡುವ ಮೋಟಾರಿನ ಮೈಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾನೆ. ಕಿತ್ತೂರಿನ ಕಬ್ಬಿನವರು, ಸವದತ್ತಿಯ ಕಾಲುವೆ ದಂಡೆಯವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆಮೇಲೆ ತೀರ್ಪು: "ಹಿಂದಿನ ಬೇರಿಂಗ್ ಹೋಗೇತಿ." ಬಿಚ್ಚಿದರೆ ಹೋಗಿಯೇ ಇರುತ್ತದೆ.

ಕಾಕತಾಳೀಯ ಎಂದು ನಾನು ಗಂಟಲು ಹರಿದುಕೊಂಡು ವಾದಿಸುತ್ತಿದ್ದೆ. ನನ್ನ ಅತ್ಯುತ್ತಮ ಖಂಡನೆಗಳಿಗೆಲ್ಲ ಅವನು ತಲೆಯಾಡಿಸಿ ಚಹಾ ತರಿಸುತ್ತಿದ್ದ.

ಒಂದು ದಿನ ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರು ಅವನ ಅಂಗಿಯ ತೋಳನ್ನು ಹರಿದುಕೊಂಡು ಹೋಯಿತು. ಇನ್ನು ತಡೆಯುವುದುಂಟೇ? ಕಿವಿಯ ಡಾಕ್ಟರ ಬಳಿಗೆ ಎಳೆದೊಯ್ದೆ. ಅವರು ಪರೀಕ್ಷೆ ಮಾಡಿ, ಹೊರಗಿನ ಬಾಗಿಲು ಕೆಟ್ಟಿದೆ, ಒಳಮನೆ ಗಟ್ಟಿಯಾಗಿದೆ, ಶಬ್ದ ಎಲುಬಿನ ಮೂಲಕ ಒಳಗೆ ಹೋಗುತ್ತದೆ ಎಂದರು. ಅಂದರೆ ಹಲ್ಲಿನ ವಿಷಯ ನಿಜ! ಮಾವ ಡಾಕ್ಟರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

"ಸೋತಿ?"

ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳುವ ಯಂತ್ರವೊಂದು ತಲೆಪಟ್ಟಿಯ ಜೊತೆ ಬಂತು. ಸ್ಕ್ರೂಡ್ರೈವರನ್ನು ನಾನೇ ಕಸಿದು ಕಪಾಟಿನಲ್ಲಿಟ್ಟೆ. ವಿಜ್ಞಾನ ಬಂದ ಮೇಲೆ ಹಲ್ಲಿಗೇನು ಕೆಲಸ? ರಾಮದುರ್ಗದ ಕಡೆಯಿಂದ, ಕಟಕೋಳದ ರೈತರೊಬ್ಬರು ಮೋಟಾರು ತಂದರು. ಮಾವ ಪಟ್ಟಿ ಹಾಕಿಕೊಂಡು ಆಲಿಸಿದ. ಏನೂ ಆಗಿಲ್ಲ, ಒಯ್ಯಿರಿ ಎಂದ. ಮೂರನೆಯ ದಿನ ಮೋಟಾರು ಹೊಲದಲ್ಲೇ ಜಾಮ್ ಆಯಿತು. ಆ ರೈತರು ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದರು: "ಮಿಸ್ತ್ರಿ ಮಿಷನ್ ಹಾಕ್ಕೊಂಡ ಮ್ಯಾಲ ಕಿವುಡ ಆಗ್ಯಾನ್ರಿ."

ಆ ಮಾತು ಮೋಟಾರಿಗಿಂತ ಬೇಗ ಊರು ಸುತ್ತಿತು. ಗಿರಾಕಿಗಳು ಪಕ್ಕದ ಓಣಿಗೆ ತಿರುಗಿದರು. ಮಾವ ಅರ್ಧ ಷಟರ್ ಎಳೆದು ಸುಮ್ಮನೆ ಕೂರತೊಡಗಿದ.

ತಪ್ಪು ಎಲ್ಲಿದೆ ಎಂದು ನಾನು ಯಂತ್ರದ ಪುಸ್ತಿಕೆ ಓದಿದೆ. ಅದರೊಳಗಿನ ಪುಟ್ಟ ಕಂಪ್ಯೂಟರು ಮನುಷ್ಯರ ಮಾತನ್ನು ಎತ್ತಿ ಹಿಡಿದು, ಒಂದೇ ಸಮನೆ ಗುಂಯ್‌ಗುಡುವ ಶಬ್ದವನ್ನು ಗದ್ದಲವೆಂದು ಅದುಮುತ್ತದಂತೆ. ಮಾವನಿಗೆ ಆ ಗುಂಯ್ ಎನ್ನುವುದೇ ಅಲ್ಲವೇ ಮಾತು?

"ನಾ ಏನ್ ಕೇಳಬೇಕು ಅಂತ ಠರಾವ್ ಮಾಡಾಕ ಇದ್ಯಾರು?" ಎಂದ ಮಾವ.

ಮರುದಿನ ಆಟೋದಲ್ಲಿ ಅಂಗಡಿಯ ಮೋಟಾರೊಂದನ್ನೇ ಹೇರಿಕೊಂಡು ದವಾಖಾನೆಗೆ ಹೋದೆವು. ಎಲ್ಲರೂ ಗದ್ದಲ ಕಡಿಮೆ ಮಾಡಿ ಎನ್ನುತ್ತಾರೆ ಎಂದು ಯಂತ್ರ ಹೊಂದಿಸುವ ಹುಡುಗಿ ಹೇಳಿದಳು. ಗದ್ದಲ ಯಾವುದೆಂದು ತೀರ್ಮಾನಿಸಿದ್ದು ಯಾರು ಎಂದು ನಾನು ಅಲ್ಲಿಂದಲೇ ಶುರುಮಾಡಿದೆ. ನನ್ನ ವಾದ ಮುಗಿಯುವಷ್ಟರಲ್ಲಿ ಮಾವ ಮೋಟಾರನ್ನು ಅವಳ ಮೇಜಿನ ಮೇಲಿಟ್ಟು ಚಾಲೂ ಮಾಡಿದ್ದ. ಕಿಟಕಿಯ ಗಾಜು, ಪೆನ್ನಿನ ಡಬ್ಬಿ, ಸಾಲಿನಲ್ಲಿದ್ದ ಅಜ್ಜಂದಿರು ಎಲ್ಲರೂ ಅದುರಿದರು. ಅವಳು ಬೇಗಬೇಗನೆ ಎರಡನೆಯ ಜೋಡಣೆ ಮಾಡಿಕೊಟ್ಟಳು: ಗುಂಡಿ ಒಮ್ಮೆ ಒತ್ತಿದರೆ ಮನುಷ್ಯರು, ಎರಡು ಸಲ ಒತ್ತಿದರೆ ಮೋಟಾರು, ಯಾವುದನ್ನೂ ಅದುಮದೆ.

ಮಾವ ಅಲ್ಲಿಂದ ನೇರ ಕಟಕೋಳಕ್ಕೇ ಹೋಗಿ, ಮೋಟಾರು ರಿಪೇರಿ ಮಾಡಿಕೊಟ್ಟು ಬಂದ. ಷಟರ್ ಪೂರ್ತಿ ಮೇಲೇರಿತು. ಈಗ ನಾನು ವಾದಕ್ಕಿಳಿದರೆ ಸಾಕು, ಗುಂಡಿ ಎರಡು ಸಲ ಒತ್ತುತ್ತಾನೆ.

ಮೊನ್ನೆ ಧಾರವಾಡದ ಸ್ಪರ್ಧೆಗೆಂದು ಅಂಗಡಿಯಲ್ಲೇ ಕುಳಿತು ಭಾಷಣ ತಾಲೀಮು ಮಾಡುತ್ತಿದ್ದೆ. ಮಾವ ಪಟ್ಟಿ ತೆಗೆದಿಟ್ಟು, ನನ್ನ ಕುರ್ಚಿಯ ಹಿಂದೆ ಬಂದು, ನೆತ್ತಿಯ ಮೇಲೆ ಗದ್ದವನ್ನೂರಿ ನಿಂತ. ನಾನು ಶಾಲೆಗೆ ಹೋಗುವಾಗಿನಿಂದ ಅವನದು ಇದೇ ಚಟ. ಬೈತಲೆ ಕೆಡುತ್ತದೆ ಎಂದು ಎಷ್ಟು ಸಲ ಕೊಡವಿಕೊಂಡು ಎದ್ದಿದ್ದೇನೋ.

"ಮಿಷನ್ ಹಾಕ್ಕೊ ಮಾವಾ, ಚಲೋ ಕೇಳ್ತದ" ಎಂದೆ.

"ನಿನ್ನ ಎಲ್ಲಾ ಭಾಷಣ ಹಿಂಗ ಕೇಳೇನಿ, ಅವ್ವಿ. ಹೇಳು."

ಖಂಡಿಸಲು ಬಾಯಿ ತೆರೆದೆ. ಆಮೇಲೆ ತಲೆ ಅಲುಗಿಸದೆ, ಮೊದಲಿನಿಂದ ಶುರುಮಾಡಿದೆ.