ಅಕ್ಷರಗಳಿಗೆ ಕ್ಷೌರ

ಎಲ್ಲಕ್ಕೂ ಕಾರಣ, ಬೆಳಿಗ್ಗೆ ಪಾತ್ರೆ ತೊಳೆಯುತ್ತ ಹೆಂಡತಿ ಆಡಿದ ಒಂದು ಮಾತು.

“ಇಪ್ಪತ್ತಾರು ವರ್ಷದಿಂದ ಬೋರ್ಡು ಬರೀತಿದ್ದೀರಿ. ಎಲ್ಲಾ ಆ ಮಾದರಿ ಪುಸ್ತಕ ನೋಡ್ಕೊಂಡು ಇಳಿಸಿದ್ದೇ. ನಿಮ್ಮದು ಅನ್ನೋ ಅಕ್ಷರ ಒಂದಿದ್ರೆ ತೋರಿಸಿ, ನೋಡೋಣ.”

ಬೋರ್ಡು ಬರೆಯುವವನು ಅಂಗಡಿಯವರೆಗೂ ಆ ಮಾತನ್ನು ಹಲ್ಲಿಗೆ ಸಿಕ್ಕ ನಾರಿನಂತೆ ನಾಲಿಗೆಯಲ್ಲಿ ತಡವುತ್ತ ನಡೆದ.

ಅಂದು ಬರೆಯಬೇಕಿದ್ದದ್ದು ಹೊಸ ಕ್ಷೌರದಂಗಡಿಯ ಬೋರ್ಡು. ‘ನವರಸ’ ಎಂಬ ನಾಲ್ಕೇ ಅಕ್ಷರ. ಸಂಜೆ ಐದಕ್ಕೆ ಕ್ಷೌರಿಕ ಬಂದು ನೋಡಿ ಒಯ್ಯುವವನಿದ್ದ. ಪೆನ್ಸಿಲ್ ಗೆರೆ ಎಳೆಯುತ್ತಿದ್ದಾಗ ಏನೋ ಹೊಳೆಯಿತು. ಕ್ಷೌರದಂಗಡಿ ತಾನೆ? ಅಕ್ಷರಗಳಿಗೂ ಕ್ಷೌರ ಮಾಡಿದರೆ? ನಾಲ್ಕಕ್ಕೂ ತಲೆಕಟ್ಟು ಹಾರಿಸಿ ಬರೆದುಬಿಟ್ಟ. ಬೋಳು ತಲೆಯ ಅಕ್ಷರಗಳು ಕೆಂಪಗೆ ಮಿಂಚಿದವು. ಜೀವಮಾನದಲ್ಲಿ ಮೊದಲ ಸಲ ತನ್ನ ಕೆಲಸ ನೋಡಿ ತಾನೇ ನಕ್ಕ. ಕ್ಷೌರಿಕ ಒಪ್ಪಿದರೆ ಸಾಕು, ಬೀದಿಯಲ್ಲಿ ತನ್ನದು ಅನ್ನುವ ಬೋರ್ಡೊಂದು ನೇತಾಡುತ್ತದೆ.

ಬೇರೆಯವರ ತಪ್ಪು ಹುಡುಕುವುದಕ್ಕೆಂದೇ ವಾಕಿಂಗ್ ಹೊರಡುವ ನಿವೃತ್ತ ಮೇಷ್ಟ್ರು ಬಾಗಿಲಲ್ಲಿ ನಿಂತರು.

“ನ... ವಂ... ಸ. ನವಂಸ. ಯಾವ ವಂಶದವನಯ್ಯ ಇವನು?”

“ನವರಸ ಸಾರ್. ತಲೆಕಟ್ಟು ಕತ್ತರಿಸಿದೀನಿ. ಕ್ಷೌರದಂಗಡಿ ಅಲ್ವಾ, ಅದಕ್ಕೆ.”

“ತಲೆಕಟ್ಟು ತೆಗೆದ್ರೆ ರ ಬರೀ ಸೊನ್ನೆ ಕಣಯ್ಯ. ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಕಲಿಸಿದ್ದು ಇದಕ್ಕೇನಾ?”

ಅವನ ಧೈರ್ಯ ಹೊಸ ಚಪ್ಪಲಿಯ ಜಾತಿಯದು. ನಾಲ್ಕು ಹೆಜ್ಜೆಗೇ ಕಚ್ಚಲು ಶುರು. ‘ರ’ ಒಂದಕ್ಕೆ ತಲೆಕಟ್ಟು ಎಳೆದ.

ಪಕ್ಕದ ಅಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಇಣುಕಿದ.

“ಏನಣ್ಣಾ, ನಾಲ್ಕು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಟೋಪಿ ಹೊಲಿಸಿದ್ದೀರಿ? ಉಳಿದೋರು ಏನು ಪಾಪ ಮಾಡಿದ್ರು?”

ಉಳಿದ ಮೂರಕ್ಕೂ ಎಳೆದ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಬೋರ್ಡು ನೋಡಿದಳು. ಅವನ ಮುಖ ನೋಡಿದಳು.

“ಏನೋ ಹೊಸದು ಮಾಡೋರ ಥರ ಮುಖ ಊದಿಸ್ಕೊಂಡು ಬಂದ್ರಿ. ಬಣ್ಣದ ಡಬ್ಬ ಮಾತ್ರ ಹೊಸದು ಅನ್ನಿ.”

ಅವಳು ಬೆನ್ನು ತಿರುಗಿಸಿದ್ದೇ ತಡ, ಟರ್ಪೆಂಟೈನ್ ಬಟ್ಟೆ ಹಿಡಿದು ತಲೆಕಟ್ಟುಗಳನ್ನೆಲ್ಲ ಒರೆಸಿದ. ಮೇಷ್ಟ್ರು ಬೀದಿಯಲ್ಲಿ ಕೆಮ್ಮಿದರು, ಎರಡನ್ನು ಎಳೆದ. ಟೈಲರ್ ನಕ್ಕ, ಎರಡನ್ನೂ ಒರೆಸಿದ. ಮೂರು ಗಂಟೆಯ ಹೊತ್ತಿಗೆ ಬೋರ್ಡು ನೆಗಡಿಯಾದ ಮಗುವಿನ ಮೂಗಿನಂತಾಗಿತ್ತು.

ಕೊನೆಗೆ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಪೂರ್ತಿ ಒರೆಸಿ, ನಾಲ್ಕನ್ನೂ ಬೋಳಾಗಿಯೇ ಬರೆದು, ಕೈ ತಡೆಯದು ಎಂದು ಬ್ರಷ್ಷನ್ನು ಕಪಾಟಿನಲ್ಲಿಟ್ಟು ಬೀಗ ಜಡಿದ.

“ಇನ್ನು ಇದು ಹೀಗೇ ಇರುತ್ತೆ ಸಾರ್. ತಲೆಕಟ್ಟು ಬೇಕಾದೋರು ಅವರವರ ಮನೆ ಬಾಗಿಲಿಗೆ ಬರೆಸ್ಕೊಳ್ಳಲಿ,” ಎಂದು ಬೀದಿಯಲ್ಲಿದ್ದ ಮೇಷ್ಟ್ರಿಗೆ ಕೇಳುವಂತೆ ಕೂಗಿದ. ಅಂದಮೇಲೆ ಬೀಗದ ಕೈ ಜೇಬಿಗಿಳಿಸಿ ಸ್ಟೂಲಿನ ಮೇಲೆ ಕೂತ.

ಐದಕ್ಕೆ ಕ್ಷೌರಿಕ ಬಂದ. ಬೈಗುಳ ತಪ್ಪಿಹೋದೀತೆಂದು ಮೇಷ್ಟ್ರೂ ಟೈಲರೂ ಅವನ ಹಿಂದೆಯೇ ಬಂದರು. ಕ್ಷೌರಿಕ ತಲೆ ಓರೆ ಮಾಡಿಕೊಂಡು ಬಹಳ ಹೊತ್ತು ನೋಡಿದ.

“ಅಕ್ಷರಗಳಿಗೂ ಕ್ಷೌರ ಮಾಡಿದೀನಿ. ಚೆನ್ನಾಗಿದೆಯಾ?” ಎಂದ ಬೋರ್ಡು ಬರೆಯುವವನು.

“ನಿಮ್ಮ ಹತ್ರ ಯಾಕಣ್ಣಾ ಮುಚ್ಚುಮರೆ,” ಕ್ಷೌರಿಕ ಸಂಕೋಚದಿಂದ ನಕ್ಕ. “ಹೆಸರು ಇಟ್ಟೋಳು ನನ್ನ ಮಗಳು. ನನಗೆ ಓದೋಕೆ ಬರಲ್ಲ. ಇವಕ್ಕೆ ಮೊದಲು ಕೂದಲು ಎಷ್ಟಿತ್ತು ಅಂತ ಗೊತ್ತಿಲ್ದೆ, ಕ್ಷೌರ ಹೆಂಗಾಗಿದೆ ಅಂತ ಹೇಗೆ ಹೇಳ್ಲಿ?”

ಕ್ಷೌರಿಕ ಬೋರ್ಡಿನ ಕಡೆ ಬೆರಳು ಮಾಡಿದ.

“ಒಂದು ಕೆಲಸ ಮಾಡಿ. ಇದರ ಮೇಲೇ ದೊಡ್ಡದಾಗಿ ಒಂದು ಕತ್ತರಿ ಬರೆದುಬಿಡಿ. ನನ್ನಂಥೋರಿಗೂ ತಿಳೀಲಿ.”

ಬೋರ್ಡು ಬರೆಯುವವನು ಕಪಾಟಿನ ಬೀಗ ತೆಗೆದ. ಅರ್ಧ ಗಂಟೆಯಲ್ಲಿ ಅವನ ನಾಲ್ಕೂ ಅಕ್ಷರಗಳು ಕಪ್ಪು ಕತ್ತರಿಯೊಂದರ ಅಡಿಯಲ್ಲಿ ಹೂತುಹೋದವು.

“ಭಾಳ ಚೆನ್ನಾಗಿದೆ ಅಣ್ಣಾ,” ಎಂದ ಟೈಲರ್. “ನನ್ನ ಅಂಗಡಿಗೂ ಇಂಥದೇ ಒಂದು ಬರೆದುಕೊಡಿ.”

ಮೇಷ್ಟ್ರು ಕನ್ನಡಕ ಏರಿಸಿ, ಬೋರ್ಡಿನ ಎಡದಿಂದ ಬಲಕ್ಕೆ ಬೆರಳಾಡಿಸಿ, ತೃಪ್ತಿಯಿಂದ ತಲೆದೂಗಿದರು.

“ನೋಡು, ಈಗ ಸರಿಯಾಗಿ ಓದೋಕೆ ಬರುತ್ತೆ.”