ಏಳನೇ ಬೆಡ್ಡಿನ 'ರೈಟ್' ಇಲ್ಲದೆ ಔಷಧಿ ಟ್ರಾಲಿ ಕದಲಿಸದಿರುವ ಬಗ್ಗೆ

ಬೇಸರ ನಿಯಂತ್ರಣ ಇಲಾಖೆ (ತಾತ್ಕಾಲಿಕ)
ಮೂಳೆ ವಾರ್ಡ್, ಎರಡನೇ ಮಹಡಿ, ಕೆಟ್ಟ ಲಿಫ್ಟಿನ ಎದುರು

ಸಂಖ್ಯೆ: ಬೇನಿಇ/ಬೆಡ್-8/ಕಾಲು-ಎಡ/41
ದಿನಾಂಕ: ಗೋಡೆಯ ಕ್ಯಾಲೆಂಡರ್ ಹೋದ ತಿಂಗಳಲ್ಲೇ ನಿಂತಿರುವುದರಿಂದ ತಿಳಿದುಬಂದಿರುವುದಿಲ್ಲ

ಸುತ್ತೋಲೆ

ವಿಷಯ: ಬಹುಕಾಲದಿಂದ ಮಲಗಿರುವ ರೋಗಿಗಳ ಮನಸ್ಸು ಕುಸಿಯುತ್ತಿರುವ ಬಗ್ಗೆ, ಮುಖ್ಯವಾಗಿ ಏಳನೇ ಬೆಡ್ಡಿನ ಬಗ್ಗೆ.

ಉಲ್ಲೇಖ: 1. ಹಿರಿಯ ವೈದ್ಯರ ಮೌಖಿಕ ಆದೇಶ: "ಇನ್ನೊಂದೇ ವಾರ, ಮನೆಗೆ ಹೋಗಬಹುದು."
2. ಅದೇ ಆದೇಶ, ಮುಂದಿನ ವಾರ.
3. ಅದೇ, ಅದರ ಮುಂದಿನ ವಾರ.

ಏಳನೇ ಬೆಡ್ಡಿನ ನಿವೃತ್ತ ಬಸ್ ಕಂಡಕ್ಟರ್ ತಾತನವರು ಸೊಂಟದ ಮೂಳೆ ಮುರಿದು ದಾಖಲಾದಂದಿನಿಂದ, ಪ್ರತಿ ಬೆಳಿಗ್ಗೆ ಔಷಧಿ ಟ್ರಾಲಿ ತಮ್ಮನ್ನು ದಾಟುವಾಗ "ರೈಟ್, ರೈಟ್" ಎನ್ನುವುದು ರೂಢಿಯಾಗಿತ್ತು. ಉಲ್ಲೇಖ 3ರ ನಂತರ ಸದರಿಯವರು ಗೋಡೆಗೆ ಮುಖ ಮಾಡಿದ್ದು, ಒಂಬತ್ತು ದಿನಗಳಿಂದ ಮಾತಿಲ್ಲ, ತಟ್ಟೆಯೂ ಅರ್ಧಕ್ಕರ್ಧ ವಾಪಸ್. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಸಂಬಂಧವಿಲ್ಲದೆ ಇಣುಕುವವರಿಗೂ, ಈ ಮೂಲಕ ಸೂಚಿಸುವುದೇನೆಂದರೆ:

1. ಫ್ಯಾನನ್ನು ಒಬ್ಬರೇ ಪೂರ್ತಿ ದಿಟ್ಟಿಸತಕ್ಕದ್ದಲ್ಲ. ತಲಾ ಒಂದು ರೆಕ್ಕೆ. ನಾಲ್ಕನೆಯವರು ಟ್ಯೂಬ್‌ಲೈಟಿನಲ್ಲಿ ಹೊಂದಿಸಿಕೊಳ್ಳತಕ್ಕದ್ದು.

2. ಫ್ಲ್ಯಾಶ್‌ಬ್ಯಾಕ್ ಐದು ನಿಮಿಷ ಮೀರತಕ್ಕದ್ದಲ್ಲ. "ನಾನು ಬಿದ್ದಿದ್ದು ಹೇಗೆ ಗೊತ್ತಾ" ಎಂಬ ಕಥೆಯನ್ನು ಮೂರು ಸಲ ಹೇಳಿದವರು ನಾಲ್ಕನೇ ಸಲ ಬೇರೆ ಕಡೆಯಿಂದ ಬೀಳತಕ್ಕದ್ದು.

3. ನೋಡಲು ಬಂದ ನೆಂಟರು "ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು" ಎಂದು ಶುರುಮಾಡುವ ಮುನ್ನ, ಸದರಿ ಷಡ್ಡಕ ಈಗ ಓಡಾಡಿಕೊಂಡಿರುವ ಬಗ್ಗೆ ದೃಢೀಕರಣ ಪತ್ರವನ್ನು, ಸಾಧ್ಯವಾದಲ್ಲಿ ಷಡ್ಡಕನನ್ನೇ, ಹಾಜರುಪಡಿಸತಕ್ಕದ್ದು.

4. ಹಿರಿಯ ವೈದ್ಯರು ಎಂಟ್ರಿ ಕೊಡುವಾಗ ಹಿಂದೆ ಆರು ಮಂದಿ ಕಿರಿಯ ವೈದ್ಯರು ಸಾಲಾಗಿ ನಡೆದುಬರುವ ಬಿಲ್ಡಪ್‌ಗೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ. ಆದರೆ ಅಷ್ಟೆಲ್ಲ ಬಿಲ್ಡಪ್ ಕೊಟ್ಟು "ನೋಡೋಣ" ಎಂದಷ್ಟೇ ಹೇಳಿ ಹೋಗತಕ್ಕದ್ದಲ್ಲ. "ಇನ್ನೊಂದೇ ವಾರ" ಎಂಬುದನ್ನು ಇನ್ನು ಮುಂದೆ ಡೈಲಾಗ್ ಎಂದು ಪರಿಗಣಿಸಲಾಗುವುದಿಲ್ಲ.

5. ಅಳಲು ಅನುಮತಿ ಬೇಕಿರುವುದಿಲ್ಲ. ಪಕ್ಕದ ಬೆಡ್ಡಿನವರು ನಿದ್ದೆ ಬಂದಂತೆ ನಟಿಸತಕ್ಕದ್ದು. ಗೊರಕೆ ಹೊಡೆದಲ್ಲಿ ಓವರ್ ಆಕ್ಟಿಂಗ್ ಎಂದು ನಮೂದಿಸಲಾಗುವುದು.

6. ಔಷಧಿ ಟ್ರಾಲಿ ಏಳನೇ ಬೆಡ್ಡಿನ ಮುಂದೆ ನಿಲ್ಲತಕ್ಕದ್ದು. ತಾತನವರಿಂದ "ರೈಟ್" ಬಾರದ ಹೊರತು ಒಂದಿಂಚೂ ಕದಲತಕ್ಕದ್ದಲ್ಲ. ಎಂಟರಿಂದ ಹದಿನಾರರವರೆಗಿನ ಬೆಡ್ಡಿನವರು ಗೊಣಗತಕ್ಕದ್ದು, ತಾತನವರಿಗೆ ಕೇಳಿಸುವ ಹಾಗೆ.

ಷರಾ: ಕಲಂ 6 ಇಂದು ಬೆಳಿಗ್ಗೆ ಜಾರಿಗೆ ಬಂದಿರುತ್ತದೆ. ಟ್ರಾಲಿ ಹನ್ನೊಂದು ನಿಮಿಷ ನಿಂತಿರುತ್ತದೆ. "ಏನ್ ತಾತ, ಬ್ರೇಕ್‌ಡೌನಾ?" ಎಂದು ಹನ್ನೆರಡನೇ ಬೆಡ್ಡಿನ ದರ್ಜಿಯವರು ವಿಚಾರಿಸಿರುತ್ತಾರೆ. ನರ್ಸ್ ಅಕ್ಕನವರು ಟ್ರಾಲಿಗೆ ಮೊಣಕೈ ಊರಿ "ನಂಗೇನೂ ಅರ್ಜೆಂಟಿಲ್ಲಪ್ಪ" ಎಂದಿರುತ್ತಾರೆ. ಆಗ ಗೋಡೆಯತ್ತಲಿದ್ದ ತಲೆ ಈಚೆ ತಿರುಗಿ, "ಅದ್ಯಾರ್ರೀ ಬಾಗಿಲಲ್ಲಿ ನೇತಾಡ್ತಿರೋದು? ಒಳಗೆ ಹೋಗಿ, ಒಳಗೆ ಜಾಗ ಇದೆ" ಎಂದಿರುತ್ತದೆ. ಬಾಗಿಲಲ್ಲಿದ್ದವರು ಹಿರಿಯ ವೈದ್ಯರು. ಒಳಗೆ ಹೋಗಿರುತ್ತಾರೆ. ತದನಂತರ "ರೈಟ್" ದಾಖಲಾಗಿರುತ್ತದೆ.

(ಸಹಿ/-)
ಪ್ರಭಾರ ನಿರ್ದೇಶಕರು, ಮಲಗಿದಲ್ಲಿಂದಲೇ
ಎಂಟನೇ ಬೆಡ್

ಪ್ರತಿಗಳು:
1. ಹಿರಿಯ ವೈದ್ಯರಿಗೆ, ಹೊಸ ಡೈಲಾಗ್ ಸಿದ್ಧಪಡಿಸಿಕೊಳ್ಳಲು.
2. ನರ್ಸ್ ಅಕ್ಕನವರಿಗೆ, ಅವರ ಜ್ವರದ ಚಾರ್ಟಿನ ಹಿಂಬದಿಯಲ್ಲಿ ಇದನ್ನು ಬರೆದದ್ದಕ್ಕೆ ಕ್ಷಮೆಯೊಂದಿಗೆ.
3. ಷಡ್ಡಕನಿಗೆ, ಪತ್ತೆಯಾದಲ್ಲಿ.
4. ಏಳನೇ ಬೆಡ್ಡಿಗೆ, ಮಾಹಿತಿಗಾಗಿ. (ಓದಿ ಹಿಂದಿರುಗಿಸಿರುತ್ತಾರೆ. ಅಂಚಿನಲ್ಲಿ ಪೆನ್ಸಿಲ್ ಬರಹ: "ಎಂಟನೇ ಸೀಟಿನ ತರಲೆ, ನಿಂಗೂ ಇನ್ನೊಂದೇ ವಾರ ಅಂದಿದಾರಂತೆ. ಅಳ್ಬೇಡ, ಇಬ್ರೂ ಒಂದೇ ಸ್ಟಾಪಲ್ಲಿ ಇಳಿಯೋಣ. ನೀನು ಅತ್ತ ರಾತ್ರಿ ಗೊರಕೆ ನಂದೇ.")
5. ಕಡತಕ್ಕೆ, ದಿಂಬಿನ ಕೆಳಗೆ.