ಕಂಪ್ಯೂಟರಿನ ಬೆನ್ನಿಗೆ ಪೂಜೆ

ಯಾವುದೇ ಯಂತ್ರ ಕೆಟ್ಟರೂ ಅದು ಯಾಕೆ ಕೆಟ್ಟಿತು ಎಂದು ತಿಳಿಯುವ ತನಕ ನನಗೆ ಊಟ ಸೇರುವುದಿಲ್ಲ. ನಾನು ತಿಳಿದುಕೊಳ್ಳುವ ಹೊತ್ತಿಗೆ ಅದು ಪೂರಾ ಕೆಟ್ಟಿರುತ್ತದೆ ಎಂಬುದು ನನ್ನ ಹೆಂಡತಿ ನೀಲಮ್ಮನ ಅಭಿಪ್ರಾಯ. ಅವಳ ಅಭಿಪ್ರಾಯಕ್ಕೆ ನಮ್ಮ ಮಿಕ್ಸಿಯೊಂದೇ ಆಧಾರ. ಫ್ಯಾನಿನದು ಬೇರೆ ಕಥೆ.

ಮಾನ್ವಿಯಲ್ಲಿ ನನ್ನದು ಅಕ್ಕಿ ಗಿರಣಿಗಳಿಗೆ ಬೇಕಾದ ಬೆಲ್ಟು, ಬೇರಿಂಗು ಮಾರುವ ಅಂಗಡಿ. ಹೀಗಾಗಿ ಯಂತ್ರಗಳೆಂದರೆ ನನಗೆ ಮನೆಮಂದಿ ಇದ್ದ ಹಾಗೆ. ರಾಯಚೂರಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಅಗ್ಗಕ್ಕೆ ಸಿಕ್ಕಾಗ ಅದಕ್ಕೆ ಚಿತ್ರ ಮೂಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಪುಕ್ಕಟೆ ಬರುವ ಲಿನಕ್ಸ್ ತಂತ್ರಾಂಶ ಹಾಕಿ, ಟಿವಿಗೆ ಜೋಡಿಸಿ, ಪಡಸಾಲೆಯಲ್ಲೇ ಒಂದು ಟಾಕೀಸು ಮಾಡಿದೆ. ಚಿತ್ರ ನಿಚ್ಚಳವಾಗಿ ಬಂತು. ಅವ್ವ ಒಂದೇ ಒಂದು ತಕರಾರು ತೆಗೆದಳು. ಹೊಸ ಯಂತ್ರದ ಮುಖ ಮೂಡಣಕ್ಕೆ ಇರಬೇಕಂತೆ. ನಮ್ಮ ಪಡಸಾಲೆಯಲ್ಲಿ ಮೂಡಣಕ್ಕೆ ಇರುವುದು ಗೋಡೆ. ಹೀಗೆ ನಮ್ಮ ಕಂಪ್ಯೂಟರ್ ಗೋಡೆಗೆ ಮುಖ ಮಾಡಿ, ಬಂದವರಿಗೆಲ್ಲ ಬೆನ್ನು ತೋರಿಸಿ ಕುಳಿತಿತು. ವೈರು ಚುಚ್ಚಲು ಅನುಕೂಲ ಎಂದು ನಾನೂ ಒಪ್ಪಿಕೊಂಡೆ.

ಈ ಟಾಕೀಸಿನ ಮೊದಲ ಪ್ರೇಕ್ಷಕಿ ಯಾರೆಂಬುದು ಆಗಲೇ ನಿಶ್ಚಯವಾಗಿತ್ತು. ದೇವದುರ್ಗದಲ್ಲಿರುವ ದೊಡ್ಡವ್ವ, ಅಂದರೆ ಅವ್ವನ ಅಕ್ಕ. ಅವಳ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದು ದಿನದಿಂದ ದಿನಕ್ಕೆ ಮಸುಕಾಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. ದೊಡ್ಡವ್ವನಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಪೂರಾ ಆರುವ ಮೊದಲು ತನ್ನ ಅವ್ವನ ಮುಖ ಇನ್ನೊಮ್ಮೆ ನೋಡಬೇಕು.

ಆದರೆ ನಮ್ಮ ಅಜ್ಜಿ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದವಳು. ಅವಳದೊಂದು ಪಟವೂ ಮನೆಯಲ್ಲಿಲ್ಲ. ಸೋದರಮಾವನ ಮದುವೆಯ ಹಳೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾತ್ರ, ಅಡುಗೆ ಒಲೆಗಳ ಹತ್ತಿರ, ಕ್ಯಾಮೆರಾದ ಕೈಗೆ ಸಿಕ್ಕಿಬಿದ್ದಿದ್ದಳು. ಆ ಕ್ಯಾಸೆಟ್ಟನ್ನು ರಾಯಚೂರಿನಲ್ಲಿ ಪೆನ್‌ಡ್ರೈವಿಗೆ ಇಳಿಸಿ ತಂದಿದ್ದೆ. ಮೊಬೈಲಿನ ಸಣ್ಣ ಪರದೆ ದೊಡ್ಡವ್ವನ ಕಣ್ಣಿಗೆ ನಿಲುಕುವುದಿಲ್ಲ. ಪೆನ್‌ಡ್ರೈವನ್ನು ನೇರವಾಗಿ ಟಿವಿಗೆ ಚುಚ್ಚಿದರೆ, ಈ ವಿಡಿಯೋ ನನ್ನ ಕೈಲಾಗದು ಎಂದು ಟಿವಿ ಹೇಳುತ್ತದೆ. ಉಳಿದದ್ದು ನನ್ನ ಕಂಪ್ಯೂಟರ್ ಒಂದೇ. ಭಾನುವಾರ ಬಂದುಬಿಡು ಎಂದು ದೊಡ್ಡವ್ವನಿಗೆ ಫೋನು ಮಾಡಿದೆ.

ಅದೇ ವಾರ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮಲ್ಲಿ ಕರೆಂಟಿನ ಮೇಲೆ ನಡೆಯುವ ಯಾವ ಸಾಮಾನೂ ಪೂಜೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಅಂಗಡಿಯ ತಕ್ಕಡಿಯಿಂದ ಮನೆಯ ನೀರಿನ ಮೋಟರಿನ ತನಕ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಕಂಪ್ಯೂಟರಿಗೂ ಆಯಿತು. ವೈರುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಎದುರಿಗೆ ಇದ್ದದ್ದು ಬೆನ್ನೇ ಆದ್ದರಿಂದ ಬೆನ್ನಿಗೇ ಮೂರು ಬೆರಳಿನ ವಿಭೂತಿ ಎಳೆದೆ. ಕೆಂಪು ಕಣಗಿಲೆಯ ಒಂದು ಟಿಸಿಲನ್ನು ಅದು ಗಟ್ಟಿಯಾಗಿ ನಿಲ್ಲುವ ಜಾಗ ನೋಡಿ ಸಿಕ್ಕಿಸಿದೆ. ಅಮಾವಾಸ್ಯೆಗೆ ಏರಿಸಿದ ಹೂವನ್ನು ಸೋಮವಾರದ ತನಕ ಮುಟ್ಟಬಾರದೆಂಬುದು ಅವ್ವನ ಕಾನೂನು. ಹಾಗಾಗಿ ವೈರುಗಳನ್ನು ಹೂವಿಗೆ ತಾಕದ ಹಾಗೆ ಜಾಗರೂಕತೆಯಿಂದ ಮತ್ತೆ ಜೋಡಿಸಿದೆ.

ಮರುದಿನ ಬೆಳಿಗ್ಗೆ ವಿಡಿಯೋ ಹಾಕಿ ನೋಡಿದರೆ ಅಜ್ಜಿ ಕುಂಟುತ್ತಿದ್ದಾಳೆ. ಕೈ ಎತ್ತಿದಳೆಂದರೆ, ಕೈ ಮೇಲೆ ಬರುವಷ್ಟರಲ್ಲಿ ನಾನು ಒಂದು ಕಪ್ ಚಹಾ ಮುಗಿಸಬಹುದು. ಮುಖವಂತೂ ಅಡ್ಡಡ್ಡ ಸೀಳಿ, ಹಣೆ ಒಂದು ಕಡೆ, ಗಲ್ಲ ಒಂದು ಕಡೆ.

ನನಗೆ ಬೇಸರವಾಗಲಿಲ್ಲ. ಸತ್ಯ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಕಾರಣ ಹುಡುಕುವ ಸುಯೋಗ! ನಿನ್ನೆ ಸರಿಯಿದ್ದದ್ದು ಇಂದು ಯಾಕೆ ಕೆಟ್ಟಿತು, ನಡುವೆ ಏನು ಬದಲಾಯಿತು ಎಂದು ಶಾಸ್ತ್ರೀಯವಾಗಿ ಯೋಚಿಸಿದೆ. ನಡುವೆ ನಡೆದದ್ದು ಎರಡೇ. ಒಂದು ಪೂಜೆ, ಇನ್ನೊಂದು ಲಿನಕ್ಸ್ ತಾನಾಗಿಯೇ ಮಾಡಿಕೊಂಡ ಅಪ್‌ಡೇಟು. ಪೂಜೆಯಿಂದ ಕೆಡುಕಾಗುವುದು ಶಕ್ಯವಿಲ್ಲ. ಆದ್ದರಿಂದ ತಪ್ಪು ಅಪ್‌ಡೇಟಿನದು, ಅದರಲ್ಲೂ ಗ್ರಾಫಿಕ್ಸ್ ಡ್ರೈವರಿನದು ಎಂದು ತೀರ್ಪು ಕೊಟ್ಟೆ.

"ಡ್ರೈವರ್ ಅಂದ್ರ ಏನ್ರಿ ಅದು?" ಎಂದು ನೀಲಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಅಂಗಡಿಗೆ ತೆಲುಗು ಗಿರಾಕಿ ಬಂದ್ರ ನಡುವ ನಿಂತು ಮಾತು ತಿಳಿಸಾವ ಒಬ್ಬ ಬೇಕಲ್ಲ, ಹಂಗ. ಕಂಪ್ಯೂಟರ್ ಹೇಳಿದ್ದು ಕಾರ್ಡಿಗೆ ತಿಳಿಸ್ತದ."

"ಈಗ ತಿಳಿಸವಲ್ದೇನು?"

"ತಪ್ಪು ತಿಳಿಸಾಕತ್ತದ."

"ನಿಮಗ ಗೊತ್ತಾತಲ್ಲ, ಸಾಕು. ದೊಡ್ಡತ್ತಿ ಬರೂದ್ರಾಗ ನೆಟ್ಟಗ ಮಾಡ್ರಿ" ಎಂದಳು.

ಡ್ರೈವರ್ ತೆಗೆದು ಹಳೆಯದನ್ನು ಹಾಕಿದೆ. ಅಜ್ಜಿ ಕುಂಟಿದಳು. ಅದನ್ನೂ ತೆಗೆದು, ಕಾರ್ಡಿನ ಕಂಪನಿಯವರೇ ಕೊಡುವ ಡ್ರೈವರ್ ಹಾಕಿದೆ. ಅಷ್ಟೇ ಕುಂಟಿದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದು ನನ್ನ ಕುತೂಹಲವನ್ನು ಇನ್ನಷ್ಟು ಕೆರಳಿಸಿತು. ಔಷಧ ಬದಲಿಸಿದರೆ ರೋಗ ವಾಸಿಯಾಗಬೇಕು, ಇಲ್ಲವೇ ಹೆಚ್ಚಾಗಬೇಕು. ಔಷಧ ರೋಗಿಯನ್ನು ಮುಟ್ಟುತ್ತಲೇ ಇಲ್ಲವೆಂದರೆ ಏನರ್ಥ?

ಇಂಟರ್‌ನೆಟ್ಟಿನಲ್ಲಿ ಲಿನಕ್ಸ್ ಬಳಗದವರ ಒಂದು ಹರಟೆಕಟ್ಟೆ ಇದೆ. ನನ್ನ ಕಷ್ಟವನ್ನು ಅಲ್ಲಿ ವಿಸ್ತಾರವಾಗಿ ತೋಡಿಕೊಂಡೆ. ಯಾವುದೋ ದೇಶದ ಒಬ್ಬ ಪುಣ್ಯಾತ್ಮ ತಕ್ಷಣ ಉತ್ತರ ಕೊಟ್ಟ. ಅವನು ಕೇಳಿದ್ದು ಒಂದೇ ಪ್ರಶ್ನೆ. ಟಿವಿಯ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದ್ದೀರಾ?

ನನಗೆ ಮೈಯೆಲ್ಲ ಉರಿಯಿತು. ಬೇರಿಂಗಿನ ಸದ್ದು ಕೇಳಿ ಗಿರಣಿಯ ಆಯುಷ್ಯ ಹೇಳುವವನಿಗೆ ಇಂಥ ಪ್ರಶ್ನೆಯೇ? "ತಾವು ದಯವಿಟ್ಟು ನನ್ನ ಸಮಸ್ಯೆಯನ್ನು ಗಂಭೀರವಾಗಿ ಪರಿಗಣಿಸಬೇಕು" ಎಂದು ಉತ್ತರ ಬರೆದೆ. ಎದ್ದು ನೋಡಲಿಲ್ಲ. ನೋಡುವುದು ಏನಿದೆ?

ಇನ್ನೊಬ್ಬ ಮಹನೀಯ ನನ್ನ ಘನತೆಗೆ ತಕ್ಕ ಸಲಹೆ ಕೊಟ್ಟ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರು ಇಬ್ಬರು. ಹುಟ್ಟಿನಿಂದ ಒಳಗೇ ಇರುವ ಬಡಕಲು ಚಿಪ್ಪು ಒಂದು, ನಾನು ತಂದು ಕೂರಿಸಿದ ಗಟ್ಟಿಮುಟ್ಟಾದ ಕಾರ್ಡು ಇನ್ನೊಂದು. ಬಡಕಲನನ್ನು ಕೆಲಸದಿಂದ ತೆಗೆದುಹಾಕಿ, ಆಗ ಕಾರ್ಡೇ ಎಲ್ಲ ನೋಡಿಕೊಳ್ಳುತ್ತದೆ ಎಂದ. ತೆಗೆದುಹಾಕಿದೆ. ಟಿವಿ ಕಪ್ಪಾಯಿತು. ನಡುವೆ ಒಂದೇ ಸಾಲು. ಸಿಗ್ನಲ್ ಇಲ್ಲ.

ಕುಂಟುತ್ತಿದ್ದ ಅಜ್ಜಿಯೂ ಹೋದಳು. ಮೊಬೈಲಿನಿಂದ ಕಂಪ್ಯೂಟರಿನ ಒಳಹೊಕ್ಕು ವಿಚಾರಿಸಿದೆ. ಅದು ಆರಾಮವಾಗಿತ್ತು. ಕಾರ್ಡು ಸರಿಯಿದೆ, ಡ್ರೈವರ್ ಸರಿಯಿದೆ, ಬಿಸಿಲಿನ ಮಾನ್ವಿಗಿಂತ ತಾನೇ ತಣ್ಣಗಿದ್ದೇನೆ ಎಂದು ವರದಿ ಕೊಟ್ಟಿತು. ಕೊನೆಯಲ್ಲಿ, ಕಾರ್ಡಿಗೆ ಯಾವ ಪರದೆಯನ್ನೂ ಜೋಡಿಸಿಲ್ಲ ಎಂದೂ ಸೇರಿಸಿತ್ತು. ಟಿವಿ ನನ್ನ ಕಣ್ಣೆದುರಿಗೇ ಇತ್ತು. ಡ್ರೈವರ್ ಸುಳ್ಳು ಹೇಳಲು ಕಲಿತಿದೆ ಎಂದು ತೀರ್ಮಾನಿಸಿದೆ.

ಪಕ್ಕದ ಮನೆಯ ಟೇಲರ್ ಖಾಜಾಸಾಬರು ಹಣಕಿ ಹಾಕಿದರು. "ಟಿವಿದ ತಪ್ಪಿರಬೇಕ್ ನೋಡ್ರಿ. ನಮ್ದು ತಂದು ಹಚ್ಚೋಣು" ಎಂದರು. ಇಬ್ಬರೂ ಸೇರಿ ಅವರ ಟಿವಿ ಹೊತ್ತು ತಂದೆವು. ಅದರಲ್ಲೂ ಸಿಗ್ನಲ್ ಇಲ್ಲ. ಕೇಬಲ್ಲಿನ ತಪ್ಪಿರಬಹುದೆಂದು ಶನಿವಾರ ಬಸ್ಸು ಹಿಡಿದು ರಾಯಚೂರಿಗೆ ಹೋಗಿ ಹೊಸ ಕೇಬಲ್ ತಂದೆ. ಹಳೆಯದು ಎಲ್ಲಿತ್ತೋ ಅಲ್ಲೇ, ಬಹಳ ಎಚ್ಚರಿಕೆಯಿಂದ, ಹೂವಿಗೆ ತಾಕದ ಹಾಗೆ ಚುಚ್ಚಿದೆ. ಸಿಗ್ನಲ್ ಇಲ್ಲ.

ಭಾನುವಾರ ದೊಡ್ಡವ್ವ ಬಂದೇಬಿಟ್ಟಳು. ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು. ಕೈಕಾಲು ತೊಳೆದವಳೇ ಟಿವಿಗೆ ಮೂಗು ತಾಕುವಷ್ಟು ಹತ್ತಿರ ಕುಳಿತಳು. ಪಕ್ಕದಲ್ಲಿ ಅವ್ವ. ಬಾಗಿಲಲ್ಲಿ ಖಾಜಾಸಾಬರು. ನಾನು ಮೊಬೈಲಿನಿಂದ ವಿಡಿಯೋ ಶುರುಮಾಡಿ, ದೇವರ ಮೇಲೆ ಭಾರ ಹಾಕಿದೆ.

ದೊಡ್ಡವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

"ಎಲ್ಲಾ ಕರ್ರಗ ಕಾಣಾಕತ್ತದಲೋ ತಮ್ಮಾ. ಇದು ನನ್ನ ಕಣ್ಣೋ, ನಿನ್ನ ಟಿವಿನೋ?"

"ಟಿವಿ, ದೊಡ್ಡವ್ವ."

"ಹಂಗಿದ್ರ ಚಲೋ ಆತು ಬಿಡು" ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರು ಡ್ರೈವರು, ಎರಡು ಟಿವಿ, ಎರಡು ಕೇಬಲ್ಲು ಸೇರಿಯೂ ಒಬ್ಬ ಮುದುಕಿಗೆ ಅವಳ ಅವ್ವನನ್ನು ತೋರಿಸಲು ನನ್ನಿಂದಾಗಲಿಲ್ಲ. ತಲೆ ತಗ್ಗಿಸಿ ನಿಂತೆ. ದೊಡ್ಡವ್ವನ ಕಣ್ಣು ಅಷ್ಟರಲ್ಲಿ ಕಂಪ್ಯೂಟರಿನ ಕಡೆ ತಿರುಗಿತ್ತು.

"ಅಲ್ಲೇನೋ ಕೆಂಪಗ ಕಾಣ್ತದ. ದೇವರ ಹೂವೇನು? ಕೊಡಿಲ್ಲಿ, ಕಣ್ಣಿಗೆ ಒತ್ಗೊಂತೀನಿ."

"ಯಕ್ಕಾ, ಅದು ಅಮಾಸಿ ಹೂವು. ಸೋಮವಾರ ತನಕ ಮುಟ್ಟಬಾರದು" ಎಂದು ಅವ್ವ ತಡೆದಳು.

"ಸೋಮವಾರ ತನಕ ನನಗ ಕಾಣ್ತದೋ ಇಲ್ಲೋ. ತೆಗಿಯೋ ನೀನು."

ಹಿರಿಯಳ ಮಾತು. ಬಾಡಿದ ಟಿಸಿಲನ್ನು ಮೆಲ್ಲಗೆ ಎಳೆದೆ. ಅದು ಬಿಟ್ಟುಬಂದ ಜಾಗದಲ್ಲಿ ಒಂದು ತೂತು ಇತ್ತು. ಅದರ ಮೇಲಕ್ಕೆ, ನಾನು ಕೇಬಲ್ ಚುಚ್ಚಿದ್ದ ತೂತು. ಎರಡೂ ಥೇಟ್ ಒಂದೇ ಥರ. ಕೆಳಗಿನದು ಕಾರ್ಡಿನದು, ಮೇಲಿನದು ನಾನು ಕೆಲಸದಿಂದ ತೆಗೆದುಹಾಕಿದ್ದ ಬಡಕಲು ಚಿಪ್ಪಿನದು. ಅಮಾವಾಸ್ಯೆಯ ದಿನ ಹೂವು ಗಟ್ಟಿಯಾಗಿ ನಿಂತ ಜಾಗ ಯಾವುದು, ಹೂವಿಗೆ ತಾಕಬಾರದೆಂದು ನಾನು ಕೇಬಲ್ ಎಲ್ಲಿಗೆ ಚುಚ್ಚಿದೆ ಎಂಬುದೆಲ್ಲ ಆ ಗಳಿಗೆಯಲ್ಲಿ ನೆನಪಾಯಿತು. ನಾನು ಹಾಕಿದ ಒಂದೊಂದು ಡ್ರೈವರೂ ಚೆನ್ನಾಗಿಯೇ ಕೆಲಸ ಮಾಡಿತ್ತು. ಇಷ್ಟು ದಿನ ಚಿತ್ರವೆಲ್ಲ ಕಣಗಿಲೆ ಹೂವಿಗೆ ಹೋಗುತ್ತಿತ್ತು.

ಕೇಬಲ್ ಕಿತ್ತು ಕೆಳಗಿನ ತೂತಿಗೆ ಒತ್ತಿದೆ. ಟಿವಿ ತುಂಬ ಅಜ್ಜಿ! ಒಲೆಯ ಹೊಗೆಯ ನಡುವೆ ನಿಂತು, ನಿಚ್ಚಳ ಮುಖದಲ್ಲಿ, ಕ್ಯಾಮೆರಾದವನಿಗೆ ಬೈಯುತ್ತಿದ್ದಳು.

"ಯಾಕೋ ನನ್ನ ಬೆನ್ನು ಹತ್ತೀದಿ? ಕೈ ಖಾಲಿ ಇದ್ರ ಎರಡು ಕೊಡ ನೀರು ತಂದು ಹಾಕು."

ದೊಡ್ಡವ್ವ ಗಹಗಹಿಸಿ ನಕ್ಕಳು. ಹೂವು ಹಿಡಿದ ಕೈಯನ್ನು ಟಿವಿಯ ಮೇಲೆ, ಅಜ್ಜಿಯ ಗಲ್ಲದ ಮೇಲೆ ಇಟ್ಟಳು. "ಹಂಗೇ ಅದಾಳ ನೋಡವ್ವ, ಒಂಚೂರೂ ಬದಲಾಗಿಲ್ಲ" ಎಂದು ತಂಗಿಗೆ ಹೇಳುತ್ತಾ ಅಳತೊಡಗಿದಳು. ಅವ್ವನೂ ಅತ್ತಳು. ಅಜ್ಜಿಯಿಂದ ಮತ್ತೆ ಮತ್ತೆ ಬೈಸಿಕೊಂಡೆವು.

"ಏನ್ ದಿಮಾಗ್ ರೀ ನಿಮ್ದು" ಎಂದರು ಖಾಜಾಸಾಬರು. ಹೂವಿನ ಪ್ರಸಾದ ಕೊಟ್ಟು ದೇವರು ಒಲಿದ ಎಂದಳು ಅವ್ವ. ನಾನು ಎರಡನ್ನೂ ಅಲ್ಲಗಳೆಯಲಿಲ್ಲ. ಏನಾಗಿತ್ತು ಎಂದು ನೀಲಮ್ಮ ಕೇಳಿದ್ದಕ್ಕೆ, ಡ್ರೈವರಿನ ಸಮಸ್ಯೆ, ಬಹಳ ಆಳಕ್ಕೆ ಇಳಿದಿತ್ತು ಎಂದೆ. ಅವಳು ಕೇಬಲ್ಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ರೊಟ್ಟಿ ಬಡಿಯಲು ಒಳಗೆ ಹೋದಳು.

ಮೊನ್ನೆ ಮತ್ತೆ ಅಮಾವಾಸ್ಯೆ ಬಂತು. ನಾನು ಪಾಠ ಕಲಿತವನು. ಕಂಪ್ಯೂಟರಿನ ಬೆನ್ನಿಗೆ ಬರೀ ವಿಭೂತಿ. ಹೂವನ್ನು ಯಾವ ತೂತಿನ ಗೊಡವೆಯೂ ಇಲ್ಲದ ಜಾಗಕ್ಕೆ, ಟಿವಿಯ ಕೆಳ ಅಂಚಿನ ನಟ್ಟನಡುವೆ, ಆ ಸಣ್ಣ ಕೆಂಪು ದೀಪ ಇದೆಯಲ್ಲ, ಅದರ ಮೇಲೆ ಚೆನ್ನಾಗಿ ಅಂಟಿಸಿದೆ. ಭಾನುವಾರ ದೊಡ್ಡವ್ವ ಮತ್ತೆ ಬರುತ್ತಾಳೆ, ಅಜ್ಜಿಯಿಂದ ಇನ್ನೊಮ್ಮೆ ಬೈಸಿಕೊಳ್ಳಬೇಕಂತೆ.

ಆದರೆ ಅಂದಿನಿಂದ ಯಾಕೋ ಟಿವಿಯ ರಿಮೋಟು ಕೆಲಸ ಮಾಡುತ್ತಿಲ್ಲ. ಸೆಲ್ ಬದಲಿಸಿದೆ. ಖಾಜಾಸಾಬರ ರಿಮೋಟು ತಂದೆ. ಕಾರಣ ಏನಿರಬಹುದೆಂದು ಲಿನಕ್ಸ್ ಹರಟೆಕಟ್ಟೆಯಲ್ಲಿ ವಿಸ್ತಾರವಾಗಿ ಬರೆದು ಕೇಳಿದ್ದೇನೆ. ಅದೇ ಹಳೆಯ ಪುಣ್ಯಾತ್ಮ ಉತ್ತರ ಕೊಟ್ಟಿದ್ದಾನೆ. ಟಿವಿಯ ಮುಂದೆ ಏನಾದರೂ ಅಡ್ಡ ಇದೆಯೇ ಎಂದು ಕೇಳುತ್ತಾನೆ. ನನ್ನನ್ನು ಏನೆಂದು ತಿಳಿದಿದ್ದಾನೋ.